ಕ್ಲಚ್ ಪ್ಲೇಟ್ ಸುಟ್ಟಿದ್ದು ಯಾರ ಕಾಲಿಂದ?



ಸ್ವಲ್ಪ ಉದ್ದದ ಪೋಸ್ಟ್ ಇದು. ಗಾಡಿ, ಗೇರು, ಕ್ಲಚ್ಚು ಅಂತ ಬರುತ್ತೆ. ನಮಗ್ಯಾಕೆ ಮೆಕ್ಯಾನಿಕ್ ವಿಷಯ ಅಂತ ಸ್ಕ್ರೋಲ್ ಮಾಡಬೇಡಿ. ಇದು ನಮ್ಮ ಜನರ ಸಂಬಳದ ವಿಷಯ.

ಆಯುಧ ಪೂಜೆ ಕಳೆದು ಎರಡು ವಾರ ಆಗಿತ್ತು. ಜೆ.ಪಿ. ನಗರದ ಕಡೆ ಕಸದ ಆಟೊ ಟಿಪ್ಪರ್ ಓಡಿಸುವ ಹುಡುಗನೊಬ್ಬ ರಾತ್ರಿ ಮನೆಗೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗಿಂದ ಊಟದ ತಟ್ಟೆಗಿಂತ ಚಿಕ್ಕದಾದ, ಕರ್ರಗೆ ಸುಟ್ಟ ಒಂದು ಬಿಲ್ಲೆ ತೆಗೆದು ಟೇಬಲ್ ಮೇಲಿಟ್ಟ. ಕ್ಲಚ್ ಪ್ಲೇಟ್. ಮೇಲಿನ ಪದರ ಸವೆದು ಸವೆದು ಒಳಗಿನ ರಿವೆಟ್ ಕಾಣುತ್ತಿದ್ದವು. "ಅಣ್ಣ, ಇದಕ್ಕೆ 7,000 ಹಿಡ್ಕೊಂಡವ್ರೆ. ಮೂರು ತಿಂಗಳು ಕಟ್ ಮಾಡ್ತಾರಂತೆ" ಅಂದ.

ಹಿಡಿದವರು ಅವನ ಕಾಂಟ್ರಾಕ್ಟರ್ ಕಡೆಯವರು. ಹೆಸರು ಇಲ್ಲಿ ಹಾಕಲ್ಲ. ಹಾಕಿದರೆ ನಾಳೆ ಬೆಳಿಗ್ಗೆ ಆ ಹುಡುಗನ ಕೀ ಕಿತ್ಕೊಳ್ತಾರೆ. ಕಾರಣ ಏನು ಹೇಳಿದರು ಅಂತ ಕೇಳಿದೆ. "ಹಾಫ್ ಕ್ಲಚ್ಚಲ್ಲಿ ಓಡಿಸ್ತೀಯ, ನಿಮ್ಮವರಿಗೆ ಗಾಡಿ ಓಡಿಸೋಕೆ ಬರಲ್ಲ" ಅಂದರಂತೆ.

ಈ 'ನಿಮ್ಮವರಿಗೆ' ಅನ್ನೋ ಪದದ ಮೇಲೆ ಒಂದು ನಿಮಿಷ ನಿಲ್ಲಿ. ಅವನ ತಾಯಿ ಜಯನಗರದ ಬೀದಿ ಗುಡಿಸಿದವರು. ಅಜ್ಜಿಯೂ ಅದೇ. ಅವನು ಪೊರಕೆ ಬಿಟ್ಟು ಸ್ಟೇರಿಂಗ್ ಹಿಡಿದಾಗ ಮನೆಯಲ್ಲಿ ಸಿಹಿ ಮಾಡಿದ್ದರು. ಲೈಸೆನ್ಸ್ ಕಾರ್ಡು ಬಾಬಾಸಾಹೇಬರ ಫೋಟೊ ಮುಂದೆ ಇಟ್ಟಿದ್ದರು. ಆ ಮನೆಯ ಮೊದಲ ಡ್ರೈವರ್ ಅವನು. ಅವನಿಗೆ 7,000 ಹೋಗಿದ್ದಕ್ಕಿಂತ ಹೆಚ್ಚು ಉರಿದಿದ್ದು 'ಓಡಿಸೋಕೆ ಬರಲ್ಲ' ಅನ್ನೋ ಮಾತು.

ನನಗೆ ಗಾಡಿ ವಿಷಯ ಅಷ್ಟು ಗೊತ್ತಿಲ್ಲ. ಅದಕ್ಕೇ ಮಾರನೇ ದಿನ ಅವನನ್ನೂ ಆ ಪ್ಲೇಟನ್ನೂ ಕರ್ಕೊಂಡು ಪುಟ್ಟೇನಹಳ್ಳಿ ಕಡೆ ನನಗೆ ಪರಿಚಯದ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಹೋದೆ. ಸಾಬರು. ಮೂವತ್ತು ವರ್ಷದಿಂದ ಗೇರ್ ಬಾಕ್ಸ್ ಬಿಚ್ಚುತ್ತಿದ್ದಾರೆ. ಪ್ಲೇಟ್ ಕೈಗೆ ತಗೊಂಡು ತಿರುಗಿಸಿ ನೋಡಿ ಅವರು ಹೇಳಿದ ಮೊದಲ ಮಾತು ನನಗೆ ಹಿಡಿಸಲಿಲ್ಲ. "ಇದೊಂದನ್ನೇ ನೋಡಿ ಡ್ರೈವರ್ ತಪ್ಪೋ ಲೋಡ್ ತಪ್ಪೋ ಹೇಳೋಕಾಗಲ್ಲ ಸಾರ್. ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸಿದ್ರೂ ಹಿಂಗೇ ಸುಡುತ್ತೆ" ಅಂದರು. ಆಮೇಲೆ ಹೊರಗೆ ನಿಂತಿದ್ದ ಟಿಪ್ಪರ್ ಕೆಳಗೆ ಬಗ್ಗಿ ಹಿಂದಿನ ಪಟ್ಟಿಗಳನ್ನ ತೋರಿಸಿದರು. ಬಿಲ್ಲಿನ ಹಾಗೆ ಬಾಗಿರಬೇಕಾದ ಸ್ಪ್ರಿಂಗ್ ಪಟ್ಟಿಗಳು ನೆಟ್ಟಗಾಗಿದ್ದವು. ಒಂದು ಪಟ್ಟಿ ಬಿರುಕು ಬಿಟ್ಟಿತ್ತು. ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಕಟಕ್ ಕಟಕ್ ಸದ್ದು, ಕ್ರಾಸ್ ಸವೆದಿದೆ. ಹಿಂದಿನ ಹೌಸಿಂಗಲ್ಲಿ ಕ್ರೌನ್ ಪಿನಿಯನ್ ಕೊರಗುಟ್ಟುತ್ತಿತ್ತು. "ಕಾಲಿಂದ ಕ್ಲಚ್ ಸುಡಬಹುದು. ಕಾಲಿಂದ ಪಟ್ಟಿ ಮುರಿಯುತ್ತಾ?" ಅಂತ ಕೇಳಿದರು.

ನಾನು ಈ ಪೋಸ್ಟ್ ಬರೀತಿರೋದು ಆ ಒಂದು ಪ್ರಶ್ನೆಯಿಂದ. ಕ್ಲಚ್ ಮಾತ್ರ ಹೋಗಿದ್ದರೆ ಡ್ರೈವರ್ ಮೇಲೆ ಅನುಮಾನ ಪಡಿ, ತಪ್ಪಿಲ್ಲ. ಕ್ಲಚ್ಚು, ಹಿಂದಿನ ಪಟ್ಟಿ, ವೀಲ್ ಬೇರಿಂಗು, ಕ್ರಾಸು, ಕ್ರೌನು ಎಲ್ಲಾ ಒಟ್ಟಿಗೆ ಸವೆದಿದ್ದರೆ ಅದು ಹೊರೆ. ಹೊರೆ ಎಷ್ಟು ಹೊರಬೇಕು ಅಂತ ತೀರ್ಮಾನ ಮಾಡೋನು ಡ್ರೈವರ್ ಅಲ್ಲ.

ಈಗ ಹೊರೆ ಲೆಕ್ಕಕ್ಕೆ ಬನ್ನಿ. ಛೋಟಾ ಹಾಥಿ ಅಂತ ಕರೀತೀವಲ್ಲ ಟಾಟಾ ಏಸ್, ಅದು 2005ರಲ್ಲಿ ಬಂದಾಗ ಅದರ ಎಂಜಿನ್ ಎರಡು ಸಿಲಿಂಡರಿನದು, 16 ಅಶ್ವಶಕ್ತಿ. 350 ಸಿಸಿ ಬುಲೆಟ್ ಬೈಕಿಗೆ 20 ಇದೆ. ಗಾಡಿ, ಡ್ರೈವರ್, ಸಾಮಾನು ಎಲ್ಲಾ ಸೇರಿ 1,550 ಕಿಲೋ ದಾಟಬಾರದು ಅನ್ನೋ ಲೆಕ್ಕದಲ್ಲಿ ಮಾಡಿದ್ದು. ಹೊರೋದು ಮುಕ್ಕಾಲು ಟನ್ ಆಸುಪಾಸು. ಈಗಿನ ಮಾಡೆಲ್‌ಗಳಲ್ಲಿ ಎಂಜಿನ್ ಶಕ್ತಿ ಸ್ವಲ್ಪ ಹೆಚ್ಚು. ಹೊರೋ ತೂಕ ಹೆಚ್ಚು ಕಡಿಮೆ ಅಷ್ಟೇ. ಕಸಕ್ಕೆ ಅಂತ ಕಬ್ಬಿಣದ ದೊಡ್ಡ ಡಬ್ಬ, ಅದನ್ನ ಎತ್ತೋಕೆ ಹೈಡ್ರಾಲಿಕ್ ಕೂರಿಸಿದ ಮೇಲೆ ಆ ಮುಕ್ಕಾಲು ಟನ್ನಲ್ಲೂ ಒಂದಿಷ್ಟು ಡಬ್ಬಕ್ಕೇ ಹೋಗುತ್ತೆ. ನಿಮ್ಮ ಗಾಡಿಯ ಆರ್‌ಸಿ ತೆಗೆದು ನೋಡಿ. ಖಾಲಿ ತೂಕ ಒಂದು ಕಡೆ ಇರುತ್ತೆ, ಒಟ್ಟು ತೂಕ ಇನ್ನೊಂದು ಕಡೆ. ಒಂದರಿಂದ ಇನ್ನೊಂದು ಕಳೆದರೆ ಬರೋದೇ ನೀವು ಹೊರಬಹುದಾದದ್ದು. ಅದರ ಮೇಲೆ ಒಂದು ಕಿಲೋ ಬಿದ್ದರೂ ಅದು ಓವರ್‌ಲೋಡ್.

ನಮ್ಮ ಊರಲ್ಲಿ 750 ಮನೆಗೆ ಒಂದು ಆಟೊ ಟಿಪ್ಪರ್ ಅನ್ನೋದು ಬಿಬಿಎಂಪಿ ಕಾಲದಿಂದ ಬಂದ ಲೆಕ್ಕ. ಒಂದು ಮನೆಯಿಂದ ದಿನಕ್ಕೆ ಒಂದೇ ಕಿಲೋ ಹಸಿ ಕಸ ಅಂತ ಇಟ್ಟುಕೊಳ್ಳಿ. ಅಲ್ಲಿಗೇ 750 ಕಿಲೋ ಆಯ್ತು. ಗಾಡಿ ತುಂಬಿತು. ಒಣ ಕಸದ ಮೂಟೆ ಇನ್ನೂ ಹತ್ತಿಲ್ಲ, ಹೆಲ್ಪರ್ ಇನ್ನೂ ಹತ್ತಿಲ್ಲ. ಹಸಿ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತೆ, ಮಳೆ ಬಂದರೆ ಇನ್ನೂ ಜಾಸ್ತಿ. ಜೊತೆಗೆ ಎಳನೀರು ಬುರುಡೆ. ಜೊತೆಗೆ ಬನಶಂಕರಿ ಎರಡನೇ ಹಂತದ ಸಾಹೇಬರು ಬಾತ್‌ರೂಮ್ ಒಡೆಸಿದ ಟೈಲ್ಸ್ ಚೂರು, ಕಪ್ಪು ಕವರಲ್ಲಿ ಕಟ್ಟಿ 'ಡ್ರೈ ವೇಸ್ಟ್' ಅಂತ ಕೊಡೋದು. ಆಯುಧ ಪೂಜೆ ಮಾರನೇ ದಿನ ಜಯನಗರ ನಾಲ್ಕನೇ ಬ್ಲಾಕು, ಮಡಿವಾಳ ಮಾರ್ಕೆಟ್ಟು ನೋಡಿ. ಮಾರಾಟವಾಗದೆ ಉಳಿದ ಬಾಳೆಕಂದು, ಒಡೆದ ಬೂದುಗುಂಬಳ ಬೆಟ್ಟದ ಥರ ಬಿದ್ದಿರುತ್ತೆ. ಬಾಳೆಕಂದು ಅಂದ್ರೆ ಹೆಚ್ಚಿನ ಪಾಲು ನೀರು. ಹಿಂದಿನ ದಿನ ಇದೇ ಗಾಡಿಗೆ ಕುಂಕುಮ ಇಟ್ಟು, ಹಾರ ಹಾಕಿ, ಟೈರ್ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿರ್ತಾರೆ. ಮಾರನೇ ದಿನ ಅದೇ ಗಾಡಿ ಮೇಲೆ ಒಂದೂವರೆ ಪಟ್ಟು ಹೇರ್ತಾರೆ. (ನಿಂಬೆಹಣ್ಣಿನ ದುಡ್ಡೂ ನಮ್ಮ ಹುಡುಗನದೇ.)

ಬಿಟಿಎಂ ಕಥೆ ಬೇರೆ. ಅಲ್ಲಿ ಪಿಜಿಗಳು. ಒಂದು ಪಿಜಿಯ ಅಡುಗೆಮನೆಯಿಂದ ಅನ್ನ ಸಾಂಬಾರ್ ಡ್ರಮ್ಮುಗಟ್ಟಲೆ ಬರುತ್ತೆ. ಘನತ್ಯಾಜ್ಯ ನಿಯಮಗಳ ಪ್ರಕಾರ ದಿನಕ್ಕೆ 100 ಕಿಲೋ ದಾಟಿ ಕಸ ಮಾಡೋರು ಬಲ್ಕ್ ಲೆಕ್ಕಕ್ಕೆ ಬರ್ತಾರೆ, ಅವರ ವ್ಯವಸ್ಥೆ ಬೇರೆ ಇರಬೇಕು. ಆದರೂ ಡ್ರಮ್ಮು ಮನೆಮನೆ ಟಿಪ್ಪರಿಗೇ ಬಂದು ಬೀಳುತ್ತೆ. ಇಲ್ಲೊಂದು ಮಾತು ಮುಚ್ಚಿಡಲ್ಲ. ಕೆಲವು ಕಡೆ ನಮ್ಮ ಹುಡುಗರೇ ತಿಂಗಳಿಗೆ ಒಂದಿಷ್ಟು ಕಾಸು ಇಸ್ಕೊಂಡು ಆ ಡ್ರಮ್ಮು ಹಾಕಿಸ್ಕೊಳ್ತಾರೆ. ಸರಿಯಲ್ಲ, ಅವರಿಗೂ ಹೇಳಿದ್ದೀನಿ. ಹೊಟ್ಟೆ ತುಂಬೋ ಸಂಬಳ ಕೊಟ್ಟು ಆಮೇಲೆ ಈ ಬಗ್ಗೆ ನೀತಿ ಹೇಳೋಣ ಅಂತ ಒಬ್ಬ ಹೆಲ್ಪರ್ ನನಗೇ ತಿರುಗಿ ಹೇಳಿದ. ಉತ್ತರ ಕೊಡೋಕೆ ಆಗಲಿಲ್ಲ.

ಎರಡು ಟ್ರಿಪ್ ಮಾಡಿದರೆ ಮುಗೀತಲ್ಲ, ಒಂದೇ ಸಲ ಯಾಕೆ ಹೇರ್ತೀರಿ ಅಂತ ಕೇಳಬಹುದು. ನಾನೂ ಕೇಳಿದೆ. ಡೀಸೆಲ್ ಅಳತೆ ಮಾಡಿ ಕೊಡ್ತಾರೆ. ಕಾಂಪ್ಯಾಕ್ಟರ್ ಲಾರಿ ಒಂದು ಟೈಮಿಗೆ ಬಂದು ನಿಲ್ಲುತ್ತೆ, ತಪ್ಪಿದರೆ ಕಸ ಗಾಡಿಯಲ್ಲೇ ರಾತ್ರಿ ಕಳೀಬೇಕು. ಬೀದಿ ಮಿಕ್ಕಿದರೆ ಫೋನಲ್ಲಿ ಕಂಪ್ಲೇಂಟ್, ಹಾಜರಿ ಕಟ್. ಅದಕ್ಕೇ ಡಬ್ಬದ ಸುತ್ತ ತಗಡು ವೆಲ್ಡ್ ಮಾಡಿ ಎತ್ತರ ಮಾಡಿರ್ತಾರೆ. ಆ ತಗಡು ನಮ್ಮ ಹುಡುಗ ಹಾಕಿಸಿದ್ದಾ? ಹೆಲ್ಪರ್ ಕಸದ ಮೇಲೆ ಹತ್ತಿ ಬರಿಗಾಲಲ್ಲಿ ತುಳಿದು ತುಳಿದು ಜಾಗ ಮಾಡ್ತಾನೆ. ಒಂದು ಟ್ರಿಪ್ಪಿನ ಡೀಸೆಲ್ ಉಳಿತಾಯ ಕಾಂಟ್ರಾಕ್ಟರ್ ಜೇಬಿಗೆ. ಆ ಉಳಿತಾಯದಿಂದ ಸುಟ್ಟ ಕ್ಲಚ್ಚು ಡ್ರೈವರ್ ಜೇಬಿಗೆ. ವ್ಯವಹಾರ ಇಷ್ಟೇ.

ಒಳಗೆ ಏನಾಗುತ್ತೆ ಅನ್ನೋದನ್ನ ಸಾಬರು ನನಗೆ ಅರ್ಥ ಆಗೋ ಹಾಗೆ ಹೇಳಿದರು, ನಾನು ನಿಮಗೆ ಹೇಳ್ತೀನಿ. ತಿರುಗುತ್ತಿರೋ ಎಂಜಿನ್ನನ್ನೂ ನಿಂತಿರೋ ಚಕ್ರವನ್ನೂ ಒಂದು ಮಾಡೋದು ಕ್ಲಚ್ಚು. ಗಾಡಿ ಹೊರಡೋ ಪ್ರತಿ ಸಲ ಪ್ಲೇಟು ಒಂದೆರಡು ಸೆಕೆಂಡು ಜಾರಿ, ಉಜ್ಜಿ, ಆಮೇಲೆ ಕಚ್ಚಿಕೊಳ್ಳುತ್ತೆ. ಆ ಉಜ್ಜಾಟದಲ್ಲಿ ಹುಟ್ಟೋ ಬಿಸಿ ಗಾಡಿ ತೂಕಕ್ಕೆ ತಕ್ಕಂತೆ ಏರುತ್ತೆ. ಏರುರಸ್ತೆಯಲ್ಲಿ ಇನ್ನೂ ಹೆಚ್ಚು, ಯಾಕಂದ್ರೆ ಜಾರೋ ಹೊತ್ತು ಜಾಸ್ತಿ. ನಿಮ್ಮ ಕಾರು ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋವಾಗ ಎಷ್ಟು ಸಲ ನಿಂತು ಹೊರಡುತ್ತೆ? ಸಿಗ್ನಲ್ಲು, ಜಾಮು ಎಲ್ಲಾ ಲೆಕ್ಕ ಹಾಕಿ. ಕಸದ ಗಾಡಿ ಎರಡು ಮೂರು ಮನೆಗೊಮ್ಮೆ ನಿಂತರೂ 750 ಮನೆಗೆ 250ರಿಂದ 375 ಸಲ ಫಸ್ಟ್ ಗೇರಲ್ಲಿ ಹೊರಡಬೇಕು. ದಿನಾ. ಕೊನೇ ನೂರು ಸಲ ಪೂರಾ ಲೋಡಲ್ಲಿ. 'ಹಾಫ್ ಕ್ಲಚ್ಚಲ್ಲಿ ಓಡಿಸ್ತೀಯ' ಅಂತ ಬೈಯ್ತಾರಲ್ಲ, ಮನೆ ಮುಂದೆ ನಡೆಯೋ ವೇಗದಲ್ಲಿ ಗಾಡಿ ಸರಿಸು ಅಂತ ಹೇಳಿದ್ದು ಯಾರು? ಹಾಫ್ ಕ್ಲಚ್ ಇಲ್ಲದೆ ಈ ಕೆಲಸ ಮಾಡಿ ತೋರಿಸಲಿ ಒಬ್ಬ ಸೂಪರ್‌ವೈಸರ್.

ಗೇರ್ ಬಾಕ್ಸ್ ಒಳಗೆ ಇನ್ನೂ ಕೆಟ್ಟದು. ಎಂಜಿನ್ನಿನ ಸಣ್ಣ ಬಲವನ್ನ ಫಸ್ಟ್ ಗೇರು ಹಲವು ಪಟ್ಟು ಮಾಡಿ ಹಿಂದಕ್ಕೆ ಕಳಿಸುತ್ತೆ, ಆ ಒತ್ತಡ ಪೂರಾ ಹಲ್ಲುಗಳ ಮೇಲೆ. ಹೊರೆ ಹೆಚ್ಚಾದಂತೆ ಹಲ್ಲಿನ ಮೈಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತೆ, ಸಿಂಕ್ರೊನೈಸರ್ ರಿಂಗ್ ಸವೆಯುತ್ತೆ, ಸೆಕೆಂಡ್ ಗೇರ್ ತಾನಾಗೇ ಬಿಟ್ಕೊಳ್ಳುತ್ತೆ. ಬೇರಿಂಗ್ ಲೆಕ್ಕ ಎಂಜಿನಿಯರಿಂಗ್ ಓದಿದ ನಮ್ಮ ಹುಡುಗಿಯೊಬ್ಬಳು ಹೇಳಿಕೊಟ್ಟಳು. ಬಾಲ್ ಬೇರಿಂಗ್ ಮೇಲೆ ಹೊರೆ ಎರಡು ಪಟ್ಟಾದರೆ ಅದರ ಆಯಸ್ಸು ಅರ್ಧ ಆಗಲ್ಲ, ಎಂಟರಲ್ಲಿ ಒಂದು ಪಾಲಾಗುತ್ತೆ. ಹೊರೆ ಕಾಲು ಭಾಗ ಹೆಚ್ಚಾದರೆ ಸಾಕು, ಆಯಸ್ಸು ಸುಮಾರು ಅರ್ಧಕ್ಕೆ ಬರುತ್ತೆ. 'ಸ್ವಲ್ಪ ಜಾಸ್ತಿ ಹಾಕಿದ್ರೆ ಏನಾಗುತ್ತೆ' ಅನ್ನೋರಿಗೆ ಉತ್ತರ ಇಲ್ಲಿದೆ.

ಇದಕ್ಕೆಲ್ಲ ಮೇಲೆ ಎಳೆಯೋ ಕೆಲಸ. ಒಂದು ಟಿಪ್ಪರ್ ಕೆಟ್ಟು ನಿಂತರೆ ಕ್ರೇನ್ ಕರೆಸ್ತಾರೆ ಅಂದ್ಕೊಂಡ್ರಾ? ಪಕ್ಕದ ಬೀದಿಯ ಟಿಪ್ಪರ್ ಬರುತ್ತೆ, ಹಗ್ಗ ಕಟ್ಟುತ್ತೆ, ಎಳೆಯುತ್ತೆ. ಎರಡೂ ಗಾಡಿಯಲ್ಲಿ ಕಸ ತುಂಬಿರುತ್ತೆ. ನಮ್ಮ ಹುಡುಗನ ಕ್ಲಚ್ ಕೊನೆಗೂ ಸತ್ತಿದ್ದು ಹಾಗೇ. ಮುಂದಿನ ಬೀದಿಯ ಗಾಡಿಯ ಗೇರ್ ಬಾಕ್ಸ್ ಜಾಮ್ ಆಗಿತ್ತು, "ಎಳ್ಕೊಂಡು ಹೋಗು" ಅಂತ ಫೋನ್ ಬಂತು. ಒಂದೂವರೆ ಟನ್ನಿಗೆ ಮಾಡಿದ ಕ್ಲಚ್ಚು ಮೂರು ಟನ್ ಮೇಲೆ ಎಳೀಬೇಕು, ಅದೂ ಏರಲ್ಲಿ, ಅದೂ ನಿಂತಲ್ಲಿಂದ. ಮೊದಲು ಕೂದಲು ಸುಟ್ಟ ಥರ ವಾಸನೆ. ಆಮೇಲೆ ಎಂಜಿನ್ ಕಿರುಚುತ್ತೆ, ಗಾಡಿ ಅಲ್ಲಾಡಲ್ಲ. ಎರಡು ಗಾಡಿ ಏರಲ್ಲಿ ಹಿಂದಕ್ಕೆ ಜಾರಿದವು. ಹೆಲ್ಪರ್ ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಟ್ಟ. ಕೈ ಬೆರಳು ಒಂದಿಂಚಲ್ಲಿ ಉಳಿದಿದೆ. ಆ ಬೆರಳು ಹೋಗಿದ್ದರೆ ಅದಕ್ಕೆ ಎಷ್ಟು ಕಟ್ ಮಾಡ್ತಿದ್ದರು?

'ಎಳ್ಕೊಂಡು ಹೋಗು' ಅಂದ ಫೋನಿಗೆ ಬಿಲ್ ಇಲ್ಲ. ಎಳೆದ ಕಾಲಿಗೆ 7,000.

ಈಗ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ ನೋಡಿ. ನೋಂದಣಿಯಲ್ಲಿರೋ ತೂಕ ಮೀರಿ ಗಾಡಿ ಓಡಿಸಬಾರದು. ಓಡಿಸೋಕೆ ಹೇಳೋದು, ಬಿಡೋದು ಕೂಡ ತಪ್ಪು. ಇದನ್ನ ನಮ್ಮವರು ಬಾಯಿಪಾಠ ಮಾಡಬೇಕು. ಅಂದರೆ ಕಾನೂನು ಬೆರಳು ತೋರಿಸೋದು ಮಾಲೀಕನ ಕಡೆಗೂ. ದಂಡದ 194ನೇ ಕಲಂ 2019ರ ತಿದ್ದುಪಡಿ ಆದ ಮೇಲೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ಅಂತ ಹೇಳುತ್ತೆ. ಮರಳು ಲಾರಿ ಹಿಡಿಯೋದು ನೋಡಿದ್ದೀರಿ. ಕಸದ ಗಾಡಿಯನ್ನ ಯಾವತ್ತಾದರೂ ತೂಕಕ್ಕೆ ನಿಲ್ಲಿಸಿದ್ದು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಸಂಬಳದ ಕಾನೂನು ಇನ್ನೂ ಸ್ಪಷ್ಟ. 2025ರವರೆಗೆ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ 7 ಮತ್ತು 10ನೇ ಕಲಂ ಪ್ರಕಾರ ನಷ್ಟದ ಹೆಸರಲ್ಲಿ ಸಂಬಳ ಹಿಡಿಯಬೇಕಾದರೆ ಆ ನಷ್ಟ ನೇರವಾಗಿ ಕೆಲಸಗಾರನ ನಿರ್ಲಕ್ಷ್ಯದಿಂದಲೇ ಆಗಿರಬೇಕಿತ್ತು. ಹಿಡಿಯೋ ಮೊದಲು ಅವನ ಸಮಜಾಯಿಷಿ ಕೇಳಬೇಕಿತ್ತು. ಅದರ ಜಾಗಕ್ಕೆ ತಂದ 2019ರ ವೇತನ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ನಮ್ಮ ಹುಡುಗನಿಗೆ ನೋಟಿಸ್ ಕೊಟ್ಟರಾ? ವಾಟ್ಸಾಪಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಇನ್ನೊಂದು, 2025ರವರೆಗೆ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ. ಗುತ್ತಿಗೆದಾರ ಸಂಬಳ ಕಡಿಮೆ ಕೊಟ್ಟರೆ ಬಾಕಿ ಕೊಡಬೇಕಾಗಿದ್ದದ್ದು ಮೂಲ ಮಾಲೀಕ, ಅಂದರೆ ಕೆಲಸ ಗುತ್ತಿಗೆಗೆ ಕೊಟ್ಟ ಸಂಸ್ಥೆ. 'ಅದು ಕಾಂಟ್ರಾಕ್ಟರ್ ವಿಷಯ' ಅಂತ ಕೈ ತೊಳ್ಕೊಳ್ಳೋಕೆ ಅವಕಾಶ ಇಲ್ಲ.

ಇಲ್ಲಿ ನಮ್ಮ ಚಳವಳಿಗೂ ಒಂದು ಮಾತು ಹೇಳಲೇಬೇಕು. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸೋಕೆ ಹೊರಟಾಗ ಅವರ ಮೇಲೆ ಎಷ್ಟು ಬೆಂಕಿ ಕಾರಿದರು ಅಂತ ಹಿರಿಯರಿಗೆ ಗೊತ್ತು. ಆಮೇಲೆ ತಳ್ಳುಗಾಡಿ ಬಂತು, ಆಮೇಲೆ ಆಟೊ ಟಿಪ್ಪರ್ ಬಂತು. ತಲೆ ಮೇಲಿಂದ ಹೊರೆ ಇಳೀತು ಅಂತ ನಾವೂ ಸಮಾಧಾನ ಪಟ್ಕೊಂಡೆವು. 2022ರ ಜುಲೈಯಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಕೂತಾಗ ನಾನೂ ಅಲ್ಲಿದ್ದೆ. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಾಯಂ ನೇಮಕಾತಿ ಪತ್ರ ಕೊಟ್ಟಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಆದರೆ ಆ ಪತ್ರ ಬೀದಿ ಗುಡಿಸೋರಿಗೆ. ಅದೇ ಕಸವನ್ನ ಗಾಡಿಗೆ ಎತ್ತೋ ಲೋಡರು, ಹೆಲ್ಪರು, ಓಡಿಸೋ ಡ್ರೈವರು ಕಾಂಟ್ರಾಕ್ಟರ್ ಕೈ ಕೆಳಗೇ ಉಳಿದರು. ಒಂದೇ ಮನೆಯಲ್ಲಿ ತಾಯಿ ಕಾಯಂ, ಮಗ ಗುತ್ತಿಗೆ. ಆ ದಿನ ಫೋಟೊ ಹಾಕಿದ ನಾವ್ಯಾರೂ, ನಾನೂ ಸೇರಿ, ಡ್ರೈವರ್ ಬಗ್ಗೆ ಒಂದು ಸಾಲು ಬರೀಲಿಲ್ಲ. ಡ್ರೈವರ್ ಅಂದ್ರೆ ಒಂದು ಮೆಟ್ಟಿಲು ಮೇಲೆ ಹತ್ತಿದವನು ಅಂತ ನಮಗೂ ಒಳಗೊಳಗೆ ಇತ್ತೇನೋ.

ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆ, ಬೆಂಗಳೂರು ದಕ್ಷಿಣಕ್ಕೆ ಬೇರೆ ಪಾಲಿಕೆ. ಆಸ್ತಿ ತೆರಿಗೆ ಜೊತೆ ಕಸದ ಶುಲ್ಕನೂ ಕಟ್ತಿದ್ದೀವಿ. ಅಷ್ಟು ದುಡ್ಡಲ್ಲಿ ಟಿಪ್ಪರ್‌ಗಳು ಕಾಂಪ್ಯಾಕ್ಟರಿಗೆ ಸುರಿಯೋ ಜಾಗದಲ್ಲಿ ಒಂದು ತೂಕದ ಯಂತ್ರ ಇಡೋಕೆ ಆಗಲ್ವಾ? ಈಗ ತೂಕ ಆಗೋದು ಕಾಂಪ್ಯಾಕ್ಟರಿಗೆ, ಅದೂ ಕಸ ಇಳಿಸೋ ಘಟಕದಲ್ಲಿ, ಯಾಕಂದ್ರೆ ಬಿಲ್ ಆಗೋದು ಅಲ್ಲಿ. ಮನೆಮನೆ ಗಾಡಿಯ ತೂಕ ಯಾರ ಪುಸ್ತಕದಲ್ಲೂ ಇಲ್ಲ. ಅದನ್ನ ಬರೆದರೆ ಓವರ್‌ಲೋಡ್ ಅವರ ಕೈಬರಹದಲ್ಲೇ ಸಾಬೀತಾಗುತ್ತೆ. ಅಲ್ಲಿಯವರೆಗೆ ನಮ್ಮದೊಂದು ದಾರಿ ಇದೆ. ಕಾಂಪ್ಯಾಕ್ಟರ್ ತೂಕದ ಚೀಟಿ ಆರ್‌ಟಿಐಯಲ್ಲಿ ಕೇಳೋಣ. ಆ ದಿನ ಅದಕ್ಕೆ ಎಷ್ಟು ಟಿಪ್ಪರ್ ಸುರಿದವು ಅಂತ ನಮ್ಮ ಹುಡುಗರು ಬರೆದಿಡಲಿ. ಭಾಗಿಸಿದರೆ ಒಂದು ಗಾಡಿಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತೆ.

ಡ್ರೈವರ್ ತಮ್ಮಂದಿರೇ, ನಿಮಗೆ. ಗ್ಯಾರೇಜಲ್ಲಿ ಹಳೇ ಪ್ಲೇಟು, ಹಳೇ ಬೇರಿಂಗು ಬಿಟ್ಟು ಬರಬೇಡಿ, ಕೇಳಿ ಇಸ್ಕೊಳ್ಳಿ. ಹಿಂದಿನ ಪಟ್ಟಿಯ ಫೋಟೊ ತೆಗೆದಿಡಿ, ತಗಡು ಏರಿಸಿದ ಡಬ್ಬದ್ದೂ. 'ಎಳ್ಕೊಂಡು ಹೋಗು' ಅನ್ನೋ ವಾಯ್ಸ್ ಮೆಸೇಜ್ ಡಿಲೀಟ್ ಮಾಡಬೇಡಿ. ಖಾಲಿ ಕಾಗದಕ್ಕೆ ಸೈನ್ ಹಾಕಬೇಡಿ. ಮತ್ತೆ, ಕೋಪ ಮಾಡ್ಕೋಬೇಡಿ, ಗೇರ್ ಹಾಕಿದ ಮೇಲೆ ಎಡಗಾಲು ಪೆಡಲ್ ಮೇಲಿಂದ ತೆಗೀರಿ. ಸಾಬರು ಇದನ್ನ ಎರಡು ಸಲ ಹೇಳಿ ಕಳಿಸಿದ್ದಾರೆ. ನಮ್ಮ ಕಡೆ ಆ ಒಂದು ಸಣ್ಣ ಸಂದೂ ಇರಬಾರದು.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಕಡೆ ಇರೋ ಗೆಳೆಯರೇ, ನಾಳೆ ಬೆಳಿಗ್ಗೆ ಗಾಡಿ ಬಂದಾಗ ಹಿಂದಿನ ಚಕ್ರದ ಹತ್ರ ಒಂದು ಸಲ ಬಗ್ಗಿ ನೋಡಿ. ಪಟ್ಟಿ ನೆಟ್ಟಗಿದ್ದರೆ ಫೋಟೊ ಕಳಿಸಿ, ಡ್ರೈವರ್ ಮುಖ ಬರದ ಹಾಗೆ. ನಿಮ್ಮ ಮನೆ ಟೈಲ್ಸ್ ಚೂರು ಅದರಲ್ಲಿ ಹಾಕಬೇಡಿ.

ಅವನ ಸುಟ್ಟ ಪ್ಲೇಟು ಈಗ ನನ್ನ ಬ್ಯಾಗಲ್ಲಿದೆ. ಬ್ಯಾಗ್ ತೆಗೆದಾಗೆಲ್ಲ ಆ ವಾಸನೆ ಬರುತ್ತೆ. ಸೋಮವಾರ ಬೆಳಿಗ್ಗೆ 11ಕ್ಕೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಅರ್ಜಿ ಕೊಡೋಕೆ ಹೋಗ್ತಿದ್ದೀವಿ. ಇಲ್ಲಿಯವರೆಗೆ ಎಂಟು ಜನ ಡ್ರೈವರ್ ಬರ್ತೀನಿ ಅಂದಿದ್ದಾರೆ, ಅದರಲ್ಲಿ ಮೂವರು ಹೆಸರು ಬರೆಯೋಕೆ ಇನ್ನೂ ಹೆದರ್ತಿದ್ದಾರೆ. ಸಂಬಳ ಹಿಡಿದಿರೋರು, ಹಿಡೀತೀವಿ ಅಂತ ಹೆದರಿಸಿರೋರು ಇನ್‌ಬಾಕ್ಸಿಗೆ ಬನ್ನಿ. ಹಳೇ ಪ್ಲೇಟ್ ಇದ್ದರೆ ತನ್ನಿ.